ಕೇರಿಯ ಬಾಯಿಗೆ ನಿಂತ ಮೋರಿ

ಮೋರಿಯನ್ನು ಕೆಳಗಿನಿಂದ ಮೇಲಕ್ಕೆ ಅಗೆಯಬೇಕು. ಇದು ಓದಿದವರು ಕಂಡುಹಿಡಿದ ಮಾತಲ್ಲ, ಗುದ್ದಲಿ ಹಿಡಿದವರ ಮಾತು. ನೀರು ಕೊನೆಗೆ ಎಲ್ಲಿ ಬೀಳಬೇಕೋ ಅಲ್ಲಿಂದ ಶುರು ಮಾಡಿ ಹಿಂದಕ್ಕೆ ಹತ್ತಿಕೊಂಡು ಬರಬೇಕು. ಆಗ ಕೆಲಸ ಅರ್ಧಕ್ಕೆ ನಿಂತರೂ ನೀರು ನಿಲ್ಲುವುದಿಲ್ಲ. ಮೇಲಿನಿಂದ ಅಗೆದುಕೊಂಡು ಬಂದರೆ ಕೆಲಸ ಎಲ್ಲಿ ನಿಲ್ಲುತ್ತದೋ ಹೊಲಸೂ ಅಲ್ಲೇ ನಿಲ್ಲುತ್ತದೆ. ಗಾರೆಯಕ್ಕನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಮೇಲಿನಿಂದ ಅಗೆದಳು. ಆ ಸಿಟ್ಟು ಅವಳಿಗೆ ಇನ್ನೂ ಇಳಿದಿಲ್ಲ.

ಗಾರೆಯಕ್ಕ ಅಂದರೆ ಹುಟ್ಟಿದಾಗ ಇಟ್ಟ ಹೆಸರಲ್ಲ. ಇಪ್ಪತ್ತು ವರ್ಷ ಗಾರೆ ಕಲಸಿ, ಬಾಂಡ್ಲಿಗೆ ತುಂಬಿ, ತಲೆಯ ಮೇಲೆ ಹೊತ್ತು ಕಂಡವರ ಮಹಡಿ ಏರಿಸಿದವಳಿಗೆ ಕೇರಿಯವರು ಕೊಟ್ಟ ಹೆಸರು. ಕೇರಿಯಲ್ಲಿ ನಲವತ್ತು ಮನೆ. ಗಂಡಸರೂ ಹೆಂಗಸರೂ ಕಟ್ಟಡದ ಕೂಲಿಗಳೇ. ಊರಿನ ಅರ್ಧ ಗೋಡೆಗಳನ್ನು ಎಬ್ಬಿಸಿದವರು ಇವರು. ಇವರ ಬಚ್ಚಲ ನೀರು ಹೋಗಲು ಮಾತ್ರ ಒಂದು ಗೇಣು ಮೋರಿ ಇರಲಿಲ್ಲ.

ಕೊನೆಗೆ ಕೇರಿಯ ಹೆಸರಿನಲ್ಲೇ ಸರ್ಕಾರದ ಹಣ ಬಂತು. ಕೇರಿಯಿಂದ ಶುರುವಾಗಿ ಕೆಳಗಿನ ದೊಡ್ಡ ಕಾಲುವೆಗೆ ಸೇರುವ ಮೋರಿ. ಕೆಲಸದ ಮೇಸ್ತ್ರಿ ಅವಳ ಭಾವ, ಗಂಡನ ಅಣ್ಣ. ಕೂಲಿ ಕೇರಿಯವರದೇ. ಎಲ್ಲರೂ ಕುಣಿದರು. ಮೊದಲ ದಿನ ಹಾರೆ ಗುದ್ದಲಿ ಹೊತ್ತು ಹೋದರೆ ಸುಣ್ಣದ ಗೆರೆ ಕಾಲುವೆಯ ಹತ್ತಿರ ಇರಲಿಲ್ಲ. ಕೇರಿಯ ಮೇಲುಗಡೆ, ಮುಖ್ಯರಸ್ತೆಗಿರುವ ಹೋಟೆಲ್ಲಿನ ಹಿಂಗೋಡೆಯ ಬುಡದಲ್ಲಿತ್ತು. ಹೋಟೆಲ್ಲು ಪುರಸಭೆ ಅಧ್ಯಕ್ಷರದು.

"ಭಾವ, ಇದೇನು ಉಲ್ಟಾ? ಕಾಲುವೆ ಕಡೆಯಿಂದ ಅಲ್ವಾ ಹಿಡಿಬೇಕಾಗಿದ್ದು?"

"ಇಂಜಿನಿಯರ್ ಸಾಹೇಬ್ರು ಎಲ್ಲಿ ಗೆರೆ ಹಾಕಿದಾರೋ ಅಲ್ಲಿ ಅಗಿಯಮ್ಮ. ಊರಲ್ಲಿ ನಿನಗೊಬ್ಬಳಿಗೇ ತಲೆ ಇರೋದಾ?"

"ತಲೆ ಇಟ್ಕೊಂಡಿರೋದು ಬಾಂಡ್ಲಿ ಹೊರೋಕೆ ಬಿಡಿ, ಭಾವ."

ಎಲ್ಲರೂ ನಕ್ಕರು. ಅವಳೂ ನಕ್ಕು ಸೀರೆ ಎತ್ತಿ ಕಟ್ಟಿ ಇಳಿದಳು. ಕೆಲಸ ಬೇಕಿತ್ತು. ಮೂರು ತಿಂಗಳ ಹಿಂದೆ ಅವಳ ಗಂಡ ನಿಂತಿದ್ದ ಸಾರುವೆಯ ಬೊಂಬು ಮುರಿದು ಎರಡನೇ ಮಹಡಿಯಿಂದ ಬಿದ್ದಿದ್ದ. ಸೊಂಟದ ಮೂಳೆ ಎರಡು ಕಡೆ ಒಡೆದು ಹಲಗೆಯ ಮೇಲೆ ಮಲಗಿದ್ದ. ಪ್ರಶ್ನೆ ಕೇಳಿ ಮನೆಗೆ ಹೋಗುವ ಪುಣ್ಯ ಅವಳಿಗಿರಲಿಲ್ಲ.

ಕಲ್ಲು ನೆಲ. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಗಂಡಸರು ಅಗೆದದ್ದನ್ನು ಹೆಂಗಸರು ಹೊತ್ತು ಹಾಕಬೇಕು. ಸಿಮೆಂಟಿನ ನೀರು ಕಾಲ್ಬೆರಳ ಸಂದಿ ತಿಂದು ಬಿಳಿ ಮಾಡಿತು, ಬಿಳಿ ಹೋಗಿ ಕೆಂಪಾಯಿತು. ಹೋಟೆಲ್ಲಿನ ಕಕ್ಕಸಿನ ನೀರಿಗೆ ದಾರಿ ಮಾಡುವ ಹೆಂಗಸರು ಹೋಟೆಲ್ಲಿನ ಕಕ್ಕಸಿಗೆ ಹೋಗುವಂತಿರಲಿಲ್ಲ. ಕಾವಲಿನವನು ಕೋಲು ಅಡ್ಡ ಹಿಡಿಯುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ತಡೆದುಕೊಂಡು, ಹೊಟ್ಟೆ ಕಲ್ಲಾಗಿ, ಮನೆಗೆ ಓಡಬೇಕು. ನೀರು ಕುಡಿಯುವುದನ್ನೇ ಬಿಟ್ಟರು. ಉಚ್ಚೆಯಲ್ಲಿ ಉರಿ ಬಂತು. ಇದನ್ನು ಯಾರ ಹತ್ತಿರ ಹೇಳುತ್ತೀರಿ?

ಮೋರಿ ಕೇರಿಯ ಬಾಯಿಗೆ ಬಂದ ದಿನ ಕೆಲಸ ನಿಂತಿತು. ಮಿಕ್ಸರನ್ನು ಲಾರಿಗೆ ಹತ್ತಿಸಿದರು. "ಮುಂದಿನದು ಎರಡನೇ ಹಂತ" ಎಂದ ಇಂಜಿನಿಯರ್. ಅಧ್ಯಕ್ಷರು ಬಂದು ಟೇಪು ಕತ್ತರಿಸಿದರು. ತಲೆ ಮೇಲೆ ಬಾಂಡ್ಲಿ ಇಡಿಸಿ, ನಗು ಎಂದು ಹೇಳಿ, ಗಾರೆಯಕ್ಕನ ಫೋಟೋ ತೆಗೆದರು. ಮೂರನೇ ದಿನ ಹೋಟೆಲ್ಲಿನವರು ತಮ್ಮ ಕೊಳವೆ ಬಿಟ್ಟರು.

ಮೊದಲ ಮನೆ ಅವಳದೇ.

ಅಂದು ಅವಳು ಬೇರೆ ಕಡೆ ಕೆಲಸಕ್ಕೆ ಹೋಗಿದ್ದಳು. ಬಂದು ನೋಡಿದರೆ ಹೊಸಲಿನ ಒಳಗೆ ಕಣಕಾಲುದ್ದ ಹೊಲಸು. ಅದರ ಮಧ್ಯೆ ಹಲಗೆಯ ಮೇಲೆ ಗಂಡ. ಬೆನ್ನಿನ ಬಟ್ಟೆ ಒದ್ದೆ. ಮಧ್ಯಾಹ್ನದಿಂದ ಕೂಗಿ ಕೂಗಿ ಗಂಟಲು ಒಣಗಿತ್ತು. ಎದ್ದು ಓಡುವ ಕಾಲಿಲ್ಲ, ಕೇಳುವ ಜನ ಕೇರಿಯಲ್ಲಿಲ್ಲ, ಎಲ್ಲ ಕೂಲಿಗೆ ಹೋಗಿದ್ದರು.

"ನಲ್ಲಿ ನೀರಿಗೆ ಅರ್ಜಿ ಹಾಕಿ ಹತ್ತು ವರ್ಷ ಆಯ್ತಲ್ಲೇ," ಎಂದ. "ಇದು ನೋಡು, ಕೇಳದೇನೇ ಬಂತು. ಹೋಟೆಲ್ ಎಂಜಲೂ ಜೊತೆಗಿದೆ. ಮನೆ ಬಾಗಿಲಿಗೇ ಸಪ್ಲೈ."

ಆ ಮನುಷ್ಯ ಸಾಯುವಾಗಲೂ ತಮಾಷೆ ಬಿಡುವವನಲ್ಲ. ಅವಳು ನಗಲಿಲ್ಲ. ಅವನನ್ನು ಮಗ್ಗುಲಿಗೆ ಹೊರಳಿಸಿ ನೋಡಿದಳು. ಮಲಗಿ ಮಲಗಿ ಬೆನ್ನಲ್ಲಿ ಅಂಗೈಯಗಲ ಹುಣ್ಣಾಗಿತ್ತು. ಹೊಲಸು ಹುಣ್ಣಿಗೆ ತಾಗಿತ್ತು. ಅದು ಒಣಗಿರಬೇಕು, ಕೆಟ್ಟ ನೀರು ಮುಟ್ಟಿದರೆ ಮೂಳೆಗೆ ಇಳಿಯುತ್ತೆ, ಇಳಿದರೆ ಮನುಷ್ಯ ಉಳಿಯಲ್ಲ ಎಂದು ಆಸ್ಪತ್ರೆಯ ನರ್ಸಮ್ಮ ಬೆರಳು ತೋರಿಸಿ ಹೇಳಿದ್ದಳು.

ಹಲಗೆಯ ಕೆಳಗೆ ಇಟ್ಟಿಗೆ ಇಟ್ಟಳು. ಒಂದು ಸಾಲು, ಆಮೇಲೆ ಎರಡು. ರಜಾದಿನ ಹೋಟೆಲ್ಲು ತುಂಬಿದರೆ ಎರಡು ಸಾಲೂ ಮುಳುಗುತ್ತಿತ್ತು. ಮೂರನೇ ಸಾಲಿಟ್ಟರೆ ಹಲಗೆ ಅಲುಗಾಡುತ್ತದೆ. ಒಡೆದ ಸೊಂಟಕ್ಕೆ ಅಲುಗಾಟ ಆಗದು. ದಿನಾ ಬೆಳಿಗ್ಗೆ ಬಕೆಟ್ಟಿನಲ್ಲಿ ಹೊಲಸು ತೋಡುವುದು, ಹುಣ್ಣು ತೊಳೆಯುವುದು, ಆಮೇಲೆ ಕೂಲಿಗೆ ಓಡುವುದು. ಕೆಲಸದ ಮೇಲೆ ನಿಂತರೂ ಮನಸ್ಸೆಲ್ಲ ಆ ಹಲಗೆಯ ಮೇಲೆ.

ದೂರು ಕೊಡಲು ಪುರಸಭೆಗೆ ಹೋದಳು. ಗುಮಾಸ್ತ ವಯಸ್ಸಾದವನು, ನಿವೃತ್ತಿಗೆ ಹತ್ತಿರ ಬಂದು ಬಾಯಿ ಸಡಿಲವಾಗಿದ್ದವನು. ಅವಳ ಮಾತು ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು, ಅತ್ತಿತ್ತ ನೋಡಿ ತಗ್ಗಿದ ದನಿಯಲ್ಲಿ ಹೇಳಿದ.

"ಕೊಡಮ್ಮ, ಬೇಡ ಅನ್ನಲ್ಲ. ಆದ್ರೆ ತಿಳ್ಕೊಂಡು ಕೊಡು. ಈ ಕೆಲಸದ ಗುತ್ತಿಗೆ ಯಾರ ಹೆಸರಲ್ಲಿದೆ ಗೊತ್ತಾ? ಅಧ್ಯಕ್ಷರ ಹೆಂಡ್ತಿ ಹೆಸರಲ್ಲಿ."

"ಆಯಮ್ಮ ಒಂದಿನಾನೂ ಕೆಲಸದ ಹತ್ರ ಬರ್ಲಿಲ್ವಲ್ಲ!"

"ಬರೋದ್ಯಾಕೆ? ಹೆಸರು ಬಂದ್ರೆ ಸಾಕು. ಕೆಲಸ ಸರಿ ಇದೆಯಾ ಅಂತ ನೋಡಿ ಬರೆಯೋರು ಇಂಜಿನಿಯರ್. ಅವರ ಬಾಡಿಗೆ ಮನೆ ಯಾರದು? ಅಧ್ಯಕ್ಷರದು, ಮಹಡಿ ಮೇಲಿನ ಮನೆ. ದೂರು ವಿಚಾರಣೆ ಮಾಡೋ ಸಮಿತಿಗೆ ಯಾರು ದೊಡ್ಡೋರು?"

"ಅದೂ ಅವರೇನಾ?"

"ಮತ್ತಿನ್ಯಾರು? ನಿನ್ನ ಅರ್ಜಿ ಊರೆಲ್ಲ ತಿರುಗಲ್ಲಮ್ಮ. ಅವರ ಮನೇಲೇ ಕೆಳಗಿಂದ ಮಹಡಿಗೆ ಹತ್ತುತ್ತೆ, ಮಹಡಿಯಿಂದ ಕೆಳಗೆ ಇಳಿಯುತ್ತೆ."

ಬೇಲಿಯೇ ಎದ್ದು ಹೊಲ ಮೇಯುವುದನ್ನು ಅವಳು ಕೇಳಿದ್ದಳು. ಇಲ್ಲಿ ಬೇಲಿ ಮೇಯ್ದು, ಮೇಯ್ದದ್ದಕ್ಕೆ ರಸೀತಿಯನ್ನೂ ತಾನೇ ಬರೆದುಕೊಳ್ಳುತ್ತಿತ್ತು. ಅರ್ಜಿಯನ್ನು ವಾಪಸು ತೆಗೆದುಕೊಳ್ಳಲಿಲ್ಲ. ಇರಲಿ, ಹತ್ತಲಿ ಇಳಿಯಲಿ, ನನ್ನ ಹೆಬ್ಬೆಟ್ಟನ್ನಾದರೂ ನೋಡಲಿ ಎಂದು ಬಂದಳು.

ಹದಿನೈದು ದಿನದ ಮೇಲೆ ವಿಚಾರಣೆಗೆ ಕರೆ ಬಂತು. ಕೂಲಿ ಬಿಟ್ಟು ಹೋದಳು. ಭಾವನೂ ಬಂದಿದ್ದ, ಇಸ್ತ್ರಿ ಅಂಗಿ ಹಾಕಿಕೊಂಡು. ಉದ್ದ ಮೇಜು, ಫ್ಯಾನು, ಐದಾರು ಕುರ್ಚಿ. ಇವರಿಬ್ಬರಿಗೆ ಗೋಡೆಯ ಹತ್ತಿರ ನಿಲ್ಲಲು ಜಾಗ. ದೊಡ್ಡ ಕುರ್ಚಿಯಲ್ಲಿ ಅಧ್ಯಕ್ಷರು. ಗುಮಾಸ್ತ ದೂರು ಓದುತ್ತಲೇ ಅವರು ಎದ್ದು ನಿಂತರು.

"ಇದು ನಮ್ಮ ಮನೆಯವರ ಗುತ್ತಿಗೆ ವಿಷಯ. ಕಾನೂನು ಪ್ರಕಾರ ನಾನು ಇಲ್ಲಿರಬಾರದು. ನಾನು ನ್ಯಾಯ ಬಿಟ್ಟು ನಡೆಯೋನಲ್ಲ. ಉಪಾಧ್ಯಕ್ಷರು ನಡೆಸ್ಕೊಡಲಿ. ನಾನು ಹೊರಗೆ ಕೂತಿರ್ತೀನಿ. ಬರ್ಕೊಳಪ್ಪ, ಅಧ್ಯಕ್ಷರು ಹೊರಗೆ ಹೋದರು ಅಂತ."

ಗುಮಾಸ್ತ ಬರೆದುಕೊಂಡ. ಜವಾನ ದೊಡ್ಡ ಕುರ್ಚಿಯನ್ನೇ ಎತ್ತಿ ಬಾಗಿಲಾಚೆ ಇಟ್ಟ. ಹೊಸಲಿನಿಂದ ಒಂದು ಮಾರು. ಬಾಗಿಲು ಮುಚ್ಚಲಿಲ್ಲ. ಅಧ್ಯಕ್ಷರು ಕಾಲ ಮೇಲೆ ಕಾಲು ಹಾಕಿ ಕುಳಿತು ಕಾಫಿ ತರಿಸಿಕೊಂಡರು. ಉಪಾಧ್ಯಕ್ಷ ಪ್ರತಿ ಮಾತಿಗೂ ಮೊದಲು ಬಾಗಿಲ ಕಡೆ ನೋಡುತ್ತಿದ್ದ.

"ನೀರು ನಿಲ್ಲುತ್ತೆ ಅಂತೀಯಲ್ಲ, ಇಂಜಿನಿಯರ್ ರಿಪೋರ್ಟ್ ಏನಿದೆ?"

"ಕಾಮಗಾರಿ ಯೋಜನೆ ಪ್ರಕಾರವೇ ಆಗಿದೆ ಸರ್," ಎಂದ ಇಂಜಿನಿಯರ್. "ಮೋರಿ ಚೆನ್ನಾಗಿ ಹರೀತಿದೆ."

"ಹರೀತಿದೆ ಸಾರ್, ನಮ್ಮನೆ ಒಳಗೆ ಹರೀತಿದೆ," ಎಂದಳು ಗಾರೆಯಕ್ಕ. "ನನ್ನ ಗಂಡ ಎದ್ದೇಳೋಕಾಗದೆ ಮಲಗಿದಾನೆ. ಬೆನ್ನ ಹುಣ್ಣಿಗೆ ನಿಮ್ಮ ಹೋಟೆಲ್ ಕಕ್ಕಸು ನೀರು ತಾಗ್ತಿದೆ. ಬಂದು ನೋಡಿ."

ಹೊರಗೆ ಅಧ್ಯಕ್ಷರು ಕೆಮ್ಮಿದರು. ಒಂದು ಸಲ, ಗಂಟಲು ಸರಿಮಾಡಿಕೊಳ್ಳುವ ಕೆಮ್ಮು. ಉಪಾಧ್ಯಕ್ಷ ಕಾಗದ ತಿರುವಿದ.

"ನೀನು ಇದೇ ಕೆಲಸದಲ್ಲಿ ಕೂಲಿ ಮಾಡಿದ್ಯಾ?"

"ಹೂಂ ಸಾರ್."

"ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟಿದೆ. ಕೂಲಿ ತಗೊಂಡಿದೀಯ. ಮೋರಿ ಕಟ್ಟಿದವಳು ನೀನು. ಕೆಟ್ಟಿದ್ರೆ ಕೆಡಿಸಿದವಳೂ ನೀನೇ ಅಲ್ವಾ? ಮಾಡಿದ್ದುಣ್ಣೋ ಮಹಾರಾಯ ಅಂತ ಗಾದೆನೇ ಇದೆ."

ಮೇಜಿನ ಸುತ್ತ ಇದ್ದವರು ನಕ್ಕರು. ಹೊರಗಿನಿಂದಲೂ ನಗು ಬಂತು. ಗಾರೆಯಕ್ಕ ಭಾವನ ಕಡೆ ನೋಡಿದಳು. ಗೆರೆ ಹಾಕಿದವರು ಯಾರು ಎಂದು ಅವನಾದರೂ ಹೇಳಬಹುದಿತ್ತು. ಭಾವ ನೆಲ ನೋಡುತ್ತಿದ್ದ.

ತೀರ್ಮಾನ ಮೊದಲೇ ಟೈಪಾಗಿತ್ತು. ಕೇರಿಯವರು ನಿಂತ ನೀರನ್ನು ತಾವೇ ತೋಡಿ ಹಾಕಿಕೊಳ್ಳಬೇಕು. ಮೊದಲ ಹಂತದ ಬಗ್ಗೆ ದೂರಿಲ್ಲ ಎಂದು ಒಪ್ಪಿಗೆ ಪತ್ರ ಕೊಡಬೇಕು. ಕೊಟ್ಟರೆ ಎರಡನೇ ಹಂತಕ್ಕೆ ಶಿಫಾರಸು. ಭಾವ ಪೆನ್ನು ತೆಗೆದು ಸಹಿ ಹಾಕಿದ. ಇಂಕಿನ ಪ್ಯಾಡು ಅವಳ ಮುಂದೆ ಬಂತು.

"ಎರಡನೇ ಹಂತದ ಗುತ್ತಿಗೆ ಯಾರಿಗೆ ಸಾರ್?" ಎಂದು ಕೇಳಿದಳು.

ಉಪಾಧ್ಯಕ್ಷ ಬಾಗಿಲ ಕಡೆ ನೋಡಿ, ಪ್ಯಾಡನ್ನು ಇನ್ನಷ್ಟು ಮುಂದೆ ತಳ್ಳಿದ.

"ನನ್ನ ಹೆಬ್ಬೆಟ್ಟು ಸವೆದುಹೋಗಿದೆ. ಸಿಮೆಂಟು ತಿಂದಿದೆ. ಗೆರೆ ಮೂಡಲ್ಲ."

"ಪರವಾಗಿಲ್ಲ, ಸುಮ್ನೆ ಒತ್ತು. ಕರಿ ಚುಕ್ಕೆ ಬಿದ್ರೆ ಸಾಕು," ಎಂದ ಇಂಜಿನಿಯರ್.

"ಚುಕ್ಕೆ ಸಾಕು ಅಂದ್ರೆ ನೀವೇ ಒತ್ಕೊಳಿ. ನಾನು ಒತ್ತಲ್ಲ."

"ಏನಂದೆ?"

"ಒತ್ತಲ್ಲ ಅಂದೆ. ಕೈ ಕಡಿದು ತಗೊಂಡು ಹೋಗಿ ಒತ್ಕೊಳಿ, ಆವಾಗ ನಾನು ಕೇಳಲ್ಲ."

ಹೊರಗೆ ಬಂದಾಗ ಅಧ್ಯಕ್ಷರು ಕಾಫಿ ಲೋಟ ಕೆಳಗಿಟ್ಟು, ಏನೂ ತಿಳಿಯದವರ ಹಾಗೆ ಕೇಳಿದರು. "ಏನಮ್ಮ, ಏನು ತೀರ್ಮಾನ ಆಯ್ತು? ನಾನು ಒಳಗಿರ್ಲಿಲ್ಲ ನೋಡು."

ಬೈದಿದ್ದರೂ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ.

ದಾರಿಯುದ್ದಕ್ಕೂ ಭಾವ ಗೋಗರೆದ. "ಊರಲ್ಲಿ ಯಾವ ಕಟ್ಟಡ ಎದ್ರೂ ಅವರ ಕೈಯೇ ಇರುತ್ತೆ ಕಣಮ್ಮ. ನಾಳೆಯಿಂದ ಯಾರೂ ನಿನ್ನ ಕೆಲಸಕ್ಕೆ ಕರೆಯಲ್ಲ. ನನ್ನನ್ನೂ ಕರೆಯಲ್ಲ. ನೀರಲ್ಲಿದ್ದು ಮೊಸಳೆ ಹತ್ರ ಹಗೆತನ ಮಾಡ್ತಾರಾ?"

"ನೀರಲ್ಲಿರೋದು ನಿಮ್ಮ ತಮ್ಮ, ಭಾವ. ನೀವಲ್ಲ."



ಮಾರನೆಯ ದಿನ ನಸುಕಿಗೇ ಗಂಡನ ಮೈ ಸುಡುತ್ತಿತ್ತು. ಹುಣ್ಣಿನ ಅಂಚು ಕಪ್ಪಾಗಿತ್ತು, ವಾಸನೆ ಬರುತ್ತಿತ್ತು. ಅವನು ತಮಾಷೆ ಮಾಡಲಿಲ್ಲ. ಅದೇ ಅವಳಿಗೆ ಭಯ ಹುಟ್ಟಿಸಿತು. ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದಳು. ಚುಚ್ಚುಮದ್ದು ಕೊಟ್ಟು, ಹುಣ್ಣು ಕೆರೆದು ಕಟ್ಟು ಹಾಕಿ, ಹಾಸಿಗೆ ಖಾಲಿ ಇಲ್ಲವೆಂದು ವಾಪಸು ಕಳಿಸಿದರು. "ಒಣಗಿದ ಜಾಗದಲ್ಲಿ ಮಲಗಿಸು," ಎಂದರು. ಒಣಗಿದ ಜಾಗ! ಅವನನ್ನು ಎದುರು ಮನೆಯ ಜಗಲಿಯ ಮೇಲೆ ಮಲಗಿಸಿ, ತನ್ನ ಮನೆಯ ಹೊಸಲ ಮುಂದೆ ನಿಂತಳು.

ಹೊಸಲು ಎತ್ತರಿಸೋಣವೆಂದು ಸಾಲ ಮಾಡಿ ತಂದ ಅರ್ಧ ಚೀಲ ಸಿಮೆಂಟು ಮೂಲೆಯಲ್ಲಿತ್ತು. ತನ್ನ ಹೊಸಲು ಎತ್ತರಿಸಿದರೆ ನೀರು ಪಕ್ಕದ ಮನೆಗೆ ಹೋಗುತ್ತದೆ. ಅವರೂ ಎತ್ತರಿಸಿದರೆ ಅದರಾಚೆಯ ಮನೆಗೆ. ಬಡವರು ಬಡವರ ಮನೆಗೆ ಹೊಲಸು ದಾಟಿಸುತ್ತ ಹೋಗುವುದು. ಮೇಲಿನವರು ನೋಡಿ ನಗುವುದು. ಅವಳು ಚೀಲವನ್ನು ಹೆಗಲಿಗೆ ಎತ್ತಿಕೊಂಡಳು. ಹೊಸಲ ಹತ್ತಿರ ಇಳಿಸಲಿಲ್ಲ. ಕೇರಿಯ ಬಾಯಿಗೆ ನಡೆದಳು.

ಹಗಲು ಹತ್ತು ಗಂಟೆ. ಹೋಟೆಲ್ಲಿನಲ್ಲಿ ತಿಂಡಿ ಮುಗಿದು ಊಟ ಶುರುವಾಗುವ ಮಧ್ಯೆ ಮೋರಿಯಲ್ಲಿ ನೀರು ತಗ್ಗುತ್ತದೆ. ಮಿಕ್ಕಿದ ಇಟ್ಟಿಗೆಗಳು ಅಲ್ಲೇ ಗುಡ್ಡೆ ಬಿದ್ದಿದ್ದವು. ದಿನಕ್ಕೊಂದಿಷ್ಟು ಹೋಟೆಲ್ಲಿನ ಹೊಸ ಕಾಂಪೌಂಡಿಗೆ ನಡೆಯುತ್ತಿದ್ದವು. ಮಣ್ಣಿನ ಚೀಲ ಅಡ್ಡ ಹಾಕಿ ಮೋರಿಯೊಳಗೆ ಇಳಿದಳು. ಗಾರೆ ಕಲಸಿದಳು. ಅದರಲ್ಲಿ ಅವಳನ್ನು ಮೀರಿಸುವವರು ಊರಲ್ಲೇ ಇಲ್ಲ. ಆದರೆ ಕರಣೆ?

ಕರಣೆ ಗಂಡಸರದು. ಹೆಂಗಸು ಕಲಸಬೇಕು, ಹೊರಬೇಕು, ಎತ್ತಿ ಕೊಡಬೇಕು. ಇಟ್ಟಿಗೆಯ ಮೇಲೆ ಇಟ್ಟಿಗೆ ಕೂರಿಸುವ ಕೈಗೆ ಮೇಸ್ತ್ರಿ ಅನ್ನುತ್ತಾರೆ, ಕೂಲಿಯೂ ಹೆಚ್ಚು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಯಾರೂ ಅವಳ ಕೈಗೆ ಕರಣೆ ಕೊಟ್ಟಿರಲಿಲ್ಲ. ಕೇಳಿದರೆ, "ನೀನು ಮೇಸ್ತ್ರಿ ಆದ್ರೆ ನಾವು ಬಳೆ ತೊಟ್ಕೋಬೇಕಾ?" ಎಂದು ನಗುತ್ತಿದ್ದರು. ಕಣ್ಣಿಗೆ ಯಾರೂ ಬೀಗ ಹಾಕಿರಲಿಲ್ಲವಲ್ಲ! ಸಾಲು ಹೇಗೆ ಕೂರುತ್ತದೆ, ಸಂದು ಹೇಗೆ ತಪ್ಪಿಸಬೇಕು, ಹಿಡಿಯಿಂದ ಎಷ್ಟು ತಟ್ಟಬೇಕು, ಎಲ್ಲ ನೋಡಿದ್ದಳು. ಮನೆಗೆ ಹೋಗಿ ಗಂಡನ ಕರಣೆ ತಂದಳು.

ಮೊದಲ ಸಾಲು ಸೊಟ್ಟಗಾಯಿತು. ಕಿತ್ತಳು. ಮತ್ತೆ ಕೂರಿಸಿದಳು. ಎರಡನೇ ಸಾಲಿಗೆ ಕೈ ಕುದುರಿತು. ಕೆಲಸವಿಲ್ಲದೆ ಮನೆಯಲ್ಲಿದ್ದ ನಾಲ್ಕು ಹೆಂಗಸರು ಬಂದು ನಿಂತರು. ಏನು ಮಾಡ್ತಿದೀಯೇ ಎಂದು ಯಾರೂ ಕೇಳಲಿಲ್ಲ. ಒಬ್ಬಳು ಇಟ್ಟಿಗೆ ಎತ್ತಿ ಕೊಡತೊಡಗಿದಳು, ಇನ್ನೊಬ್ಬಳು ಗಾರೆ ತುಂಬಿದಳು. ಹನ್ನೆರಡಕ್ಕೆ ಮೋರಿಯ ಬಾಯಿ ಮುಚ್ಚಿತ್ತು. ಎದೆಮಟ್ಟದ ಗೋಡೆ, ಎರಡು ಇಟ್ಟಿಗೆ ದಪ್ಪ, ಅದರ ತಲೆ ಹೋಟೆಲ್ಲಿನ ಅಡುಗೆಮನೆಯ ನೆಲಕ್ಕಿಂತ ಒಂದು ಗೇಣು ಮೇಲೆ.

ಊಟದ ಹೊತ್ತಿಗೆ ಹೋಟೆಲ್ಲಿನ ನೀರು ಬಂತು. ಮಣ್ಣಿನ ಚೀಲಕ್ಕೆ ಬಡಿಯಿತು, ತುಂಬಿತು, ಬಂದ ದಾರಿಯಲ್ಲೇ ಹಿಂದಕ್ಕೆ ಹತ್ತಿತು. ಅಡುಗೆಮನೆಯ ಜಾಲರಿಯಿಂದ ಉಕ್ಕಿ ಊಟದ ಹಾಲಿಗೆ ಹೋಯಿತಂತೆ. ತಿನ್ನುತ್ತಿದ್ದವರು ತಟ್ಟೆ ಬಿಟ್ಟು ಕಾಲೆತ್ತಿಕೊಂಡು ಬೀದಿಗೆ ಬಂದರಂತೆ.

ಅರ್ಧ ಗಂಟೆಯಲ್ಲಿ ಅಧ್ಯಕ್ಷರು, ಇಂಜಿನಿಯರ್, ಇಬ್ಬರು ಪೊಲೀಸರು ಬಂದರು. ಈ ಸಲ ಅಧ್ಯಕ್ಷರು ಹೊರಗೆ ಕೂರಲಿಲ್ಲ. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ.

"ಯಾವ ನಾಯಿ ಕಟ್ಟಿದ್ದು ಇದನ್ನ? ಮೇಸ್ತ್ರೀನ ಕರೀರಿ!"

ಭಾವನನ್ನು ಕೆಲಸದ ಜಾಗದಿಂದ ಎಳೆದು ತಂದರು. ಅವನಿಗೆ ಏನೂ ತಿಳಿದಿರಲಿಲ್ಲ. ಗೋಡೆ ನೋಡಿ ಬಾಯಿ ಬಿಟ್ಟ.

"ನಾನು ಕಟ್ಟಿದ್ದು," ಎಂದಳು ಗಾರೆಯಕ್ಕ. "ಅವರಲ್ಲ. ನನ್ನ ಹೆಸರು ಬರ್ಕೊಳಿ."

ಇಂಜಿನಿಯರ್ ಬಗ್ಗಿ ಗೋಡೆಯನ್ನು ನೋಡಿದ. ಸಾಲುಗಳನ್ನು ನೋಡಿದ. "ಸುಳ್ಳು ಹೇಳ್ತಿದಾಳೆ. ಇದು ಹೆಣ್ಣಾಳಿನ ಕೆಲಸ ಅಲ್ಲ. ಕಸುಬಿನವನ ಕೈ ಇದು. ಮೇಸ್ತ್ರೀನೇ ಕಟ್ಟಿದಾನೆ, ಇವಳನ್ನ ಮುಂದೆ ಬಿಟ್ಟಿದಾನೆ."

"ಬರ್ಕೊಳಿ, ಮೇಸ್ತ್ರಿ ಹೆಸರು ಬರ್ಕೊಳಿ," ಎಂದರು ಅಧ್ಯಕ್ಷರು. ಒಬ್ಬ ಪೊಲೀಸಿನವನು ಪುಸ್ತಕ ತೆಗೆದ, ಇನ್ನೊಬ್ಬ ಭಾವನ ಅಂಗಿ ಹಿಡಿದ. ಭಾವ ಇಲ್ಲ ಸ್ವಾಮಿ, ನಾನಲ್ಲ ಸ್ವಾಮಿ ಎಂದು ಕೈ ಮುಗಿಯುತ್ತಿದ್ದ. ಅವನ ಕೆನ್ನೆಗೆ ಒಂದು ಬಿತ್ತು.

"ಅವರನ್ನ ಬಿಡ್ರಿ!" ಗಾರೆಯಕ್ಕ ಕೂಗಿದಳು. ಇಡೀ ಕೇರಿಗೆ ಕೇಳಿಸಿತು. "ಮೋರಿ ಕೆಟ್ಟಾಗ ಕಟ್ಟಿದವಳು ನೀನೇ ಅಂದ್ರಿ. ಗೋಡೆ ನೆಟ್ಟಗೆ ನಿಂತಾಗ ಹೆಣ್ಣಾಳಿನ ಕೆಲಸ ಅಲ್ಲ ಅಂತೀರಾ? ಕೆಟ್ಟಿದ್ದಕ್ಕೆ ಮಾತ್ರ ನಮ್ಮ ಕೈ ಬೇಕಾ ನಿಮಗೆ?"

ಅಧ್ಯಕ್ಷರು, "ಏಯ್, ಜಾಸ್ತಿ ಮಾತಾಡಬೇಡ" ಎಂದರು.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಗೋಡೆಯ ಈಚೆ, ನೀರಿಲ್ಲದ ಬದಿಯಲ್ಲಿ, ಮತ್ತೆ ಮೋರಿಗೆ ಇಳಿದಳು. ಬಾಂಡ್ಲಿಯ ತಳದಲ್ಲಿ ಗಾರೆ ಇನ್ನೂ ಹಸಿಯಾಗಿತ್ತು. ಕರಣೆ ತುಂಬ ತೆಗೆದು ಗೋಡೆಯ ತಲೆಯ ಮೇಲೆ ಹರಡಿದಳು. ಇಟ್ಟಿಗೆ ಇಟ್ಟಳು. ಹಿಡಿಯಿಂದ ತಟ್ಟಿದಳು. ಉಕ್ಕಿದ ಗಾರೆಯನ್ನು ಅಂಚಿನಿಂದ ಬಳಿದು ಮುಂದಿನ ಸಂದಿಗೆ ತುಂಬಿದಳು. ಎರಡನೇ ಇಟ್ಟಿಗೆ. ಮೂರನೆಯದು. ಪೊಲೀಸಿನವನ ಕೈ ಭಾವನ ಅಂಗಿಯ ಮೇಲೆ ಸಡಿಲವಾಯಿತು. ಸಾಲು ಈ ಗೋಡೆಯಿಂದ ಆ ಗೋಡೆಗೆ ನೆಟ್ಟಗೆ ಹೋಯಿತು.

ಕೊನೆಯ ಇಟ್ಟಿಗೆ ತಟ್ಟಿ, ತಲೆ ಎತ್ತಿ, ಪುಸ್ತಕ ಹಿಡಿದವನನ್ನು ನೋಡಿದಳು.

"ನೋಡಿದ್ರಲ್ಲ? ಈಗ ಬರ್ಕೊಳಿ. ಇನ್ನೂ ಅನುಮಾನ ಇದ್ರೆ ಹೇಳಿ, ಇನ್ನೊಂದು ಸಾಲು ಏರಿಸ್ತೀನಿ."